ಗುಂಡುಕಲ್ಲಿನ ಚರ್ಚು ನಿಂತಿರುವುದು ಗಾರೆಯ ಬಲದಲ್ಲಿ

ಮಾನ್ಯರೇ,

ನಯಾಗರಾ ಜಲಪಾತ ನೋಡಿ ಬಂದ ಕನ್ನಡಿಗರ ಪ್ರವಾಸ ಬರಹಗಳಲ್ಲಿ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದ ‘ಕಾಬಲ್‌ಸ್ಟೋನ್’ ಕಟ್ಟಡಗಳ ಮಾತು ಆಗೀಗ ಬರುವುದುಂಟು. ಕೆಲವರು ಅದನ್ನು ‘ಚಪ್ಪಡಿಕಲ್ಲು’ ಎಂದು ಬರೆದುಬಿಡುತ್ತಾರೆ. ಚಪ್ಪಡಿ ಎಂದರೆ ಹಲಗೆಯಂತೆ ಸೀಳಿದ ಹಾಸುಗಲ್ಲು. ಇಲ್ಲಿಯದು ಒಂದೇ ಕೈಯಲ್ಲಿ ಎತ್ತಬಹುದಾದ, ಉಳಿ ಸುತ್ತಿಗೆ ತಾಗದ ಉರುಟುಕಲ್ಲು. ನಾವು ಗುಂಡುಕಲ್ಲು ಎನ್ನುವಂಥದ್ದು. ಹೆಸರಿನ ತಪ್ಪನ್ನು ತಿದ್ದಿಕೊಳ್ಳುವುದು ಸುಲಭ. ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿದೆ: ‘ಕಲ್ಲಿನ ಗೋಡೆಯಾದ್ದರಿಂದ ಇನ್ನೂರು ವರ್ಷ ಅಲುಗದೆ ನಿಂತಿದೆ’ ಎಂಬುದು. ನಾವು ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ. ಆ ಗೋಡೆಗಳು ನಿಂತಿರುವುದು ಗಾರೆಯಿಂದ. ಇದನ್ನು ತಿಳಿಯದೆ ಮಾಡಿದ ದುರಸ್ತಿಯಿಂದ ಹಾಳಾದ ಗೋಡೆಗಳು ಬೇಕಾದಷ್ಟಿವೆ.

ಚೈಲ್ಡ್ಸ್ ಎಂಬ ಪುಟ್ಟ ಊರಿನ ಚರ್ಚನ್ನೇ ತೆಗೆದುಕೊಳ್ಳಿ. ಆರ್ಲಿಯನ್ಸ್ ಕೌಂಟಿಯಲ್ಲಿ, ರಾಚೆಸ್ಟರ್ ನಗರದಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ, ರಿಡ್ಜ್ ರೋಡ್ ಎನ್ನುವ ಹಳೆಯ ಹೆದ್ದಾರಿಯ ಮೇಲಿದೆ. 1834ರಲ್ಲಿ ಯೂನಿವರ್ಸಲಿಸ್ಟ್ ಪಂಥದವರು ಇದನ್ನು ಕಟ್ಟಿಸಿದರು. ಯಾರಿಗೂ ನಿತ್ಯನರಕ ಎಂಬುದಿಲ್ಲ, ಕೊನೆಗೆ ಎಲ್ಲರಿಗೂ ಮುಕ್ತಿಯುಂಟು ಎಂದು ನಂಬುವ ಪಂಥ ಅದು. 1961ರಲ್ಲಿ ಯೂನಿಟೇರಿಯನ್ನರೆಂಬ ಇನ್ನೊಂದು ಪಂಥದವರೊಡನೆ ಸೇರಿ ಒಂದೇ ಸಂಘವಾಯಿತು. ಚರ್ಚು ಕಟ್ಟಿಸಲು ಮುಂದೆ ನಿಂತವನು ಜಾನ್ ಪ್ರಾಕ್ಟರ್. ಊರಿಗೂ ಮೊದಲು ಪ್ರಾಕ್ಟರ್ಸ್ ಕಾರ್ನರ್ಸ್ ಎಂದೇ ಹೆಸರಿತ್ತು. ಉತ್ತರ ಅಮೆರಿಕದ ಗುಂಡುಕಲ್ಲಿನ ಚರ್ಚುಗಳಲ್ಲಿ ಇದೇ ಅತಿ ಹಳೆಯದೆಂದು ಹೆಸರಾಗಿದೆ. ಪಕ್ಕದಲ್ಲಿ ಅದೇ ಕಲ್ಲಿನ ಮನೆಯಿದೆ, ರಸ್ತೆಯಲ್ಲಿ ತುಸು ಮುಂದೆ 1849ರ ಶಾಲೆಯಿದೆ. 1960ರಲ್ಲಿ ಇವುಗಳನ್ನು ಉಳಿಸಿಕೊಳ್ಳಲೆಂದು ಕಾಬಲ್‌ಸ್ಟೋನ್ ಸೊಸೈಟಿ ಹುಟ್ಟಿತು. ಮೂರೂ ಕಟ್ಟಡಗಳು ಈಗ ಅದರ ವಸ್ತುಸಂಗ್ರಹಾಲಯದಲ್ಲಿ ಸೇರಿವೆ. 1993ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮನ್ನಣೆಯೂ ಬಂತು.

ಇಂಥ ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ರಾಚೆಸ್ಟರ್ ಸುತ್ತಲಿನ 75 ಮೈಲಿಯೊಳಗೇ ಇವೆ. ಕಾರಣ ನೆಲದಲ್ಲಿದೆ. ಹಿಮಯುಗದ ಕೊನೆಯಲ್ಲಿ, ಸುಮಾರು 12 ಸಾವಿರ ವರ್ಷದ ಹಿಂದೆ, ಉತ್ತರಕ್ಕೆ ಸರಿದ ಮಂಜುಗಡ್ಡೆಯ ಹಾಳೆ ತಾನು ಕೆನಡಾದಿಂದ ಉರುಳಿಸಿ ತಂದಿದ್ದ ಗ್ರಾನೈಟ್, ನೈಸ್ ಎಂಬ ಪಟ್ಟೆಗಲ್ಲು, ಬೆಣಚುಕಲ್ಲುಗಳನ್ನು ಸ್ಥಳೀಯ ಮರಳುಗಲ್ಲು ಸುಣ್ಣಕಲ್ಲುಗಳೊಡನೆ ಬೆರೆಸಿ ಹೊಲಗದ್ದೆಗಳಲ್ಲಿ ಸುರಿದು ಹೋಯಿತು. ಕರಗಿದ ನೀರು ಇರಾಕ್ವಾ ಎಂಬ ದೊಡ್ಡ ಸರೋವರವಾಗಿ ನಿಂತಿತು. ಅದರ ದಂಡೆಯ ಮರಳುದಿಬ್ಬವೇ ಇಂದಿನ ರಿಡ್ಜ್ ರೋಡ್. ಸರೋವರ ತಗ್ಗಿ ಒಂಟಾರಿಯೊ ಆಯಿತು. ಚೈಲ್ಡ್ಸ್‌ನಿಂದ ಅದರ ದಡ ಸುಮಾರು 10 ಕಿ.ಮೀ. ಹೀಗಾಗಿ ಇಲ್ಲಿ ಎರಡು ಬಗೆಯ ಕಲ್ಲು ಸಿಗುತ್ತದೆ. ಉಳುವಾಗ ನೇಗಿಲಿಗೆ ಎಡತಾಕುವ ಹೊಲದ ಕಲ್ಲು ಮೈ ಒರಟು, ಬಣ್ಣ ಹಲವು. ದಡದಲ್ಲಿ ಅಲೆ ಉಜ್ಜಿದ ಕಲ್ಲು ನುಣುಪು, ಚಪ್ಪಟೆ, ಅದರಲ್ಲೂ ಇದೇ ಸೀಮೆಯ ಮೆಡೀನಾ ಮರಳುಗಲ್ಲಾದರೆ ಕೆಂಪು. 1834ರಲ್ಲಿ ಕಾಡು ಕಡಿದು ಹೊಲ ಮಾಡುತ್ತಿದ್ದ ರೈತರಿಗೆ ಮೊದಲನೆಯದು ಬಿಟ್ಟಿ ಸಿಗುತ್ತಿತ್ತು. ಹೇಗೂ ಆಯ್ದು ಬದುವಿಗೆ ಹಾಕಬೇಕಿತ್ತು.

ಹಡ್ಸನ್ ನದಿಗೂ ಈರಿ ಸರೋವರಕ್ಕೂ ನಡುವೆ ದೋಣಿ ಸಾಗಲೆಂದು ತೋಡಿದ ಈರಿ ಕಾಲುವೆ 1825ರಲ್ಲಿ ಮುಗಿಯಿತು. 363 ಮೈಲಿ ಉದ್ದದ ಆ ಕಾಲುವೆಯ ತೂಬು, ಮೇಲ್ಗಾಲುವೆ ಕಟ್ಟಿದ ಕಲ್ಲುಕುಟಿಗರೇ ಕೆಲಸ ಹುಡುಕಿಕೊಂಡು ಈ ಗೋಡೆಗಳಿಗೆ ಕೈ ಹಾಕಿದರು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಮೇಸ್ತ್ರಿಗಳು ಆ ಸೀಮೆಗೆ ಬಂದು ಸೇರಲು ಕಾಲುವೆ ಕಾರಣವಾಗಿರಬಹುದು. ಆದರೆ ಕಾಲುವೆಯಲ್ಲಿ ಮಾಡಿದ್ದು ದೊಡ್ಡ ದೊಡ್ಡ ಸೈಜುಗಲ್ಲಿನ ಕೆಲಸ. ಗುಂಡುಕಲ್ಲಿನ ಕೆಲಸದ ಲೆಕ್ಕವೇ ಬೇರೆ. ಕಾಲುವೆಯಿಂದ ನಿಜವಾಗಿ ಒದಗಿದ್ದು ದುಡ್ಡು. ಗೋಧಿಯನ್ನು ನ್ಯೂಯಾರ್ಕ್ ನಗರಕ್ಕೆ ಅಗ್ಗದಲ್ಲಿ ಸಾಗಿಸಲು ದಾರಿಯಾಯಿತು, ಮರದ ದಿಮ್ಮಿಯ ಗುಡಿಸಲಲ್ಲಿದ್ದ ರೈತ ಕಲ್ಲಿನ ಮನೆಯ ಆಸೆ ಪಟ್ಟ.

ಈಗ ಗೋಡೆಯ ಒಳಕ್ಕೆ ಹೋಗೋಣ. ಹೊರಗಿನಿಂದ ಕಾಣುವ ಅಂದವಾದ ಸಾಲುಗಳು ಗೋಡೆಯ ಮುಖ ಮಾತ್ರ. ಒಟ್ಟು ದಪ್ಪ ಸಾಮಾನ್ಯವಾಗಿ 18ರಿಂದ 20 ಅಂಗುಲ. ಅದರಲ್ಲಿ ಮುಖದ ಕಲ್ಲು ನಾಲ್ಕಾರು ಅಂಗುಲ, ಉಳಿದದ್ದೆಲ್ಲ ಕಾಡುಗಲ್ಲು, ಚೂರುಕಲ್ಲು, ಗಾರೆ. ಮುಖಕ್ಕೆ ಕಲ್ಲು ಆಯುವಾಗ ಒಂದು ತುದಿ ಉದ್ದವಾಗಿ, ಹಿಂದಕ್ಕೆ ಚೂಪಾಗಿ ಹೋಗುವಂಥದ್ದನ್ನು ಹುಡುಕುತ್ತಿದ್ದರು. ಆ ಬಾಲವೇ ಒಳಗಿನ ಕಾಡುಗಲ್ಲಿನ ನಡುವೆ ಹೊಕ್ಕು ಮುಖವನ್ನು ಹಿಡಿದಿಡುತ್ತದೆ. ಮುಖ ಮತ್ತು ಒಳಭಾಗ ಒಟ್ಟೊಟ್ಟಿಗೇ ಮೇಲೇರಬೇಕು. ಮೊದಲು ಕಾಡುಗಲ್ಲಿನ ಗೋಡೆ ಕಟ್ಟಿ ಆಮೇಲೆ ಮುಖ ಅಂಟಿಸಿದರೆ ಅದು ಗೋಡೆಯ ಭಾಗವಾಗುವುದಿಲ್ಲ, ಹೊದಿಕೆಯಾಗುತ್ತದೆ. 1845ರ ಈಚಿನ ಎಷ್ಟೋ ಕಟ್ಟಡಗಳಲ್ಲಿ ಹಾಗೆಯೇ ಮಾಡಿದ್ದಾರೆ. ಸಣ್ಣ ಕೆಂಪುಕಲ್ಲನ್ನು ತೆಳ್ಳಗೆ ಪೋಣಿಸಿದ ಆ ಗೋಡೆಗಳು ನೋಡಲು ಎಲ್ಲಕ್ಕಿಂತ ಚೆಂದ, ಕಳಚಿ ಬೀಳುವುದರಲ್ಲೂ ಮೊದಲು. ಚೈಲ್ಡ್ಸ್‌ನ ಚರ್ಚು 1825ರಿಂದ 1835ರವರೆಗಿನ ಮೊದಲ ಘಟ್ಟದ ಕೊನೆಗೆ ಸೇರಿದ್ದು. ನಮ್ಮ ಕಣ್ಣಿಗೆ ಈ ಒರಟು ಘಟ್ಟದ ಕೆಲಸವೇ ಹೆಚ್ಚು ಪ್ರಾಮಾಣಿಕ.

ಉರುಟುಕಲ್ಲಿನಿಂದ ಮೂಲೆ ತಿರುಗಿಸಲು ಆಗುವುದಿಲ್ಲ. ಇಂಗ್ಲೆಂಡಿನ ನಾರ್ಫಕ್ ಕೌಂಟಿಯಲ್ಲಿ ಚಕಮಕಿ ಕಲ್ಲಿನ ಹಳೆಯ ಚರ್ಚುಗಳಿವೆ; ಅವುಗಳಲ್ಲಿ ನೂರಕ್ಕೂ ಹೆಚ್ಚು ಚರ್ಚುಗಳ ಗೋಪುರ ದುಂಡಗಿದೆ, ಮೂಲೆಗೆ ಒಳ್ಳೆಯ ಕಲ್ಲು ಸಿಗದ್ದೂ ಅದಕ್ಕೊಂದು ಕಾರಣವೆಂದು ಹೇಳುವುದುಂಟು. ನ್ಯೂಯಾರ್ಕಿನವರಿಗೆ ಆ ಕಷ್ಟವಿರಲಿಲ್ಲ, ಸುಣ್ಣಕಲ್ಲು ಮರಳುಗಲ್ಲುಗಳ ಗಣಿ ಹತ್ತಿರದಲ್ಲೇ ಇದ್ದವು. ಮೂಲೆಗಲ್ಲನ್ನು ಸುಮಾರು 18 ಅಂಗುಲ ಉದ್ದ, 12 ಅಂಗುಲ ಎತ್ತರ, 6 ಅಂಗುಲ ದಪ್ಪಕ್ಕೆ ಕೊರೆದು, ಒಂದರ ಉದ್ದಮೈ ಈ ಗೋಡೆಗೆ, ಮುಂದಿನದರ ಉದ್ದಮೈ ಆ ಗೋಡೆಗೆ ಬರುವಂತೆ ಇಡುತ್ತಿದ್ದರು. ಬಾಗಿಲು ಕಿಟಕಿಗಳ ಮೇಲುಕಲ್ಲು, ಹೊಸ್ತಿಲ ಕಲ್ಲುಗಳೂ ಕೊರೆದವೇ. ಕೆಲಸ ಶುರುವಾಗುವುದು ಮೂಲೆಯಿಂದ: ತೂಕದ ಗುಂಡು ಇಳಿಬಿಟ್ಟು ಮೂಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ಆ ದಾರಕ್ಕೆ ಸಾಲು ಕೂರಿಸುತ್ತಾ ಹೋಗುವುದು. ಒಂದು ಮೂಲೆಗಲ್ಲಿನ ಎತ್ತರಕ್ಕೆ ಮೊದಲ ಘಟ್ಟದಲ್ಲಿ ಸಾಮಾನ್ಯವಾಗಿ ಮೂರು ಸಾಲು. ಆಮೇಲಾಮೇಲೆ ನಾಲ್ಕು, ಐದು, ಅದಕ್ಕೂ ಹೆಚ್ಚು.

ಸಾಲು ನೇರ ಬರಬೇಕಾದರೆ ಕಲ್ಲು ಒಂದೇ ಅಳತೆಯದಿರಬೇಕು. ಅದಕ್ಕೆಂದು ಕಬ್ಬಿಣದ ಬಳೆ ಅಥವಾ ತೂತು ಕೊರೆದ ಹಲಗೆ ಇಟ್ಟುಕೊಂಡು, ಅದರಲ್ಲಿ ತೂರುವ ಕಲ್ಲನ್ನೆಲ್ಲ ಒಂದು ರಾಶಿ, ತೂರದ್ದನ್ನು ಇನ್ನೊಂದು ರಾಶಿ ಮಾಡುತ್ತಿದ್ದರು. ಎತ್ತು ಎಳೆಯುವ ಜಾರುಹಲಗೆಯ ಮೇಲೆ ಕಲ್ಲು ಹೇರಿ ತರುವುದು ಗಂಡಸರ ಕೆಲಸ, ಆಯ್ದು ವಿಂಗಡಿಸುವುದು ಮನೆಮಂದಿಯೆಲ್ಲರ ಕೆಲಸ. ಚೆಂದದ ರಾಶಿ ರಸ್ತೆಯ ಕಡೆಯ ಗೋಡೆಗೆ, ಉಳಿದದ್ದು ಪಕ್ಕಕ್ಕೆ, ದಪ್ಪನೆಯವು ಹಿಂಗೋಡೆಗೆ. ಇಂಥ ಯಾವ ಕಟ್ಟಡವನ್ನಾದರೂ ಒಂದು ಸುತ್ತು ಹಾಕಿ ನೋಡಿ, ಯಾವುದು ಮುಂಭಾಗ ಎಂದು ಬಾಗಿಲು ನೋಡದೆಯೇ ಹೇಳಬಹುದು.

ಒಂದು ಸಣ್ಣ ಲೆಕ್ಕ. ಮೂರು ಅಂಗುಲ ಎತ್ತರ, ಐದು ಅಂಗುಲ ಉದ್ದದ ಮೊಟ್ಟೆಯಾಕಾರದ ಕಲ್ಲು, ಸುತ್ತ ಅರ್ಧರ್ಧ ಅಂಗುಲ ಗಾರೆ ಎಂದುಕೊಳ್ಳಿ. ಕಲ್ಲೊಂದಕ್ಕೆ ನಾಲ್ಕು ಅಂಗುಲ ಎತ್ತರ, ಆರು ಅಂಗುಲ ಉದ್ದದ ಜಾಗ ಬೇಕು. ಚದರಡಿಗೆ ಆರು ಕಲ್ಲು. 40 ಅಡಿ ಉದ್ದ, 20 ಅಡಿ ಎತ್ತರದ ಒಂದೇ ಗೋಡೆಗೆ, ಕಿಟಕಿ ಕಳೆಯದೆ, 4,800 ಕಲ್ಲು. ಇನ್ನು ಆ 24 ಚದರ ಅಂಗುಲದಲ್ಲಿ ಕಲ್ಲಿನ ಮೈ ಎಷ್ಟು? ಹನ್ನೆರಡರ ಹತ್ತಿರ. ಅಂದರೆ ಕಣ್ಣಿಗೆ ‘ಕಲ್ಲಿನ ಗೋಡೆ’ ಎಂದು ಕಾಣುವುದರ ಹೊರಮೈಯಲ್ಲಿ ಅರ್ಧದಷ್ಟು ಗಾರೆಯೇ. ಸೈಜುಗಲ್ಲಿನ ಗೋಡೆಯಲ್ಲಿ ಕಲ್ಲಿನ ಮೇಲೆ ಕಲ್ಲು ಸಪಾಟಾಗಿ ಕೂತು ಭಾರ ಇಳಿಸುತ್ತದೆ. ಅಲ್ಲಿ ಗಾರೆ ಉದುರಿದರೂ ಗೋಡೆ ಸ್ವಲ್ಪ ಕಾಲ ತಡೆಯುತ್ತದೆ. ಗುಂಡುಕಲ್ಲಿಗೆ ಆ ಸಪಾಟು ಮೈ ಇಲ್ಲ. ಗಾರೆ ಹೋದರೆ ಅದು ಉರುಳುತ್ತದೆ, ಅಷ್ಟೇ.

ಆ ಗಾರೆಯಲ್ಲಿ ಏನಿತ್ತು? ಸುಟ್ಟ ಸುಣ್ಣ ಮತ್ತು ಮರಳು. ಆ ಕಾಲದ ಕೃಷಿ ಪತ್ರಿಕೆಗಳಲ್ಲಿ ಅಚ್ಚಾದ ಸೂಚನೆಗಳಲ್ಲಿ ಒಂದು ಪಾಲು ಸುಣ್ಣಕ್ಕೆ ಐದರಿಂದ ಎಂಟು ಪಾಲು ಮರಳು ಎಂಬಂಥ ಪ್ರಮಾಣ ಕಾಣುತ್ತದೆ. ಇದನ್ನು ಓದಿದವರು ‘ಇಷ್ಟು ಬಡ ಗಾರೆಯೇ’ ಎಂದು ಆಶ್ಚರ್ಯಪಡುತ್ತಾರೆ. ಅಲ್ಲಿ ಹೇಳಿರುವುದು ಗೂಡಿನಿಂದ ಬಂದ ಉಂಡೆಸುಣ್ಣದ ಅಳತೆ. ನೀರು ಕುಡಿದು ಅರಳಿದಾಗ ಅದು ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ, ಹಾಗಾಗಿ ಅರಳಿದ ಸುಣ್ಣದ ಲೆಕ್ಕದಲ್ಲಿ ಅದು ಒಂದಕ್ಕೆ ಎರಡೂವರೆ, ಮೂರು, ಮೂರೂವರೆಯ ಗಾರೆ. ನಮ್ಮ ಹಳೆಯ ಗಾರೆ ಮೇಸ್ತ್ರಿಗಳ ಲೆಕ್ಕವೂ ಇದರಿಂದ ದೂರವಿಲ್ಲ. ಮರಳು ಮಣ್ಣಿಲ್ಲದೆ, ಮುಷ್ಟಿಯಲ್ಲಿ ಹಿಂಡಿದರೆ ಕರಕರ ಎನ್ನುವಂತಿರಬೇಕು. ಸುಣ್ಣ ಪೂರ್ತಿ ಅರಳಿರಬೇಕು. ಅರಳದೆ ಉಳಿದ ಕಾಳು ಗೋಡೆಯೊಳಗೆ ತೇವ ಸಿಕ್ಕಾಗ ಅರಳಿ ಸಿಡಿಯುತ್ತದೆ. ಸುಣ್ಣಕಲ್ಲಿನಲ್ಲಿ ಮೆಗ್ನೀಸಿಯಂ ಇದ್ದರೆ ಅರಳುವುದು ಇನ್ನೂ ನಿಧಾನ.

‘ಸಿಮೆಂಟ್ ಬೆರೆಸಿ ಕಟ್ಟಿದ್ದಾರೆ’ ಎಂದು ಹೇಳುವವರೂ ಇದ್ದಾರೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅಮೆರಿಕದಲ್ಲಿ ಅದರ ತಯಾರಿಕೆ ಶುರುವಾಗಿದ್ದು 1870ರ ದಶಕದಲ್ಲಿ. ಕಾಲುವೆಗೆ ಬಳಸಿದ್ದು ನೀರಿನಲ್ಲೂ ಗಟ್ಟಿಯಾಗುವ ನೈಸರ್ಗಿಕ ಸಿಮೆಂಟು. ಕ್ಯಾನ್ವಾಸ್ ವೈಟ್ ಎಂಬ ಎಂಜಿನಿಯರ್ ಅದಕ್ಕೆ ತಕ್ಕ ಕಲ್ಲನ್ನು ಚಿಟೆನಾಂಗೊ ಬಳಿ ಗುರುತಿಸಿ 1820ರಲ್ಲಿ ಪೇಟೆಂಟ್ ಪಡೆದಿದ್ದ. ಅದನ್ನು ಕೆಲವು ಕಡೆ ಗಾರೆಗೆ ಸೇರಿಸಿದ್ದುಂಟು, ಆದರೆ ಈ ಗೋಡೆಗಳ ಮೂಲದ್ರವ್ಯ ಸುಣ್ಣವೇ.

ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಹೊರಗಿನಿಂದ ಒಳಕ್ಕೆ, ಬಹಳ ನಿಧಾನವಾಗಿ. ಒಂದೂವರೆ ಅಡಿ ದಪ್ಪದ ಗೋಡೆಯ ನಡುವಿನ ಗಾರೆಗೆ ವರ್ಷಗಳೇ ಬೇಕು. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಾಲಿಗಿಂತ ಹೆಚ್ಚು ಏರಿಸುವಂತಿರಲಿಲ್ಲ. ಏರಿಸಿದರೆ ಕೆಳಗಿನ ಹಸಿಗಾರೆ ಭಾರಕ್ಕೆ ಹೊರಕ್ಕೆ ಉಬ್ಬಿ ಸಾಲು ಕೆಡುತ್ತದೆ. ನಾಲ್ಕೂ ಗೋಡೆಗಳನ್ನು ಸಮವಾಗಿ ಸುತ್ತಿಕೊಂಡು ಬರುವುದು, ಮರುದಿನ ಮತ್ತೆ ಮೊದಲ ಮೂಲೆಯಿಂದ ಆರಂಭಿಸುವುದು. ಕಲ್ಲು ಕೂತ ಮೇಲೆ ಸಣ್ಣ ಮರಳಿನ ಗಾರೆಯಿಂದ ಸಂದು ತುಂಬಿ, ಕರಣೆಯಲ್ಲಿ ತೀಡಿ, ಸಾಲುಗಳ ನಡುವೆ ಅಡ್ಡಕ್ಕೆ ಏಣು ಎಬ್ಬಿಸುತ್ತಿದ್ದರು. ಏಣಿನ ಇಳಿಜಾರು ನೀರನ್ನು ಹೊರಕ್ಕೆ ಕಳಿಸುವಂತಿರಬೇಕು. ಅದು ಅಲಂಕಾರ ಎಂದೇ ಹೆಚ್ಚಿನವರು ತಿಳಿದಿದ್ದಾರೆ, ಅದರ ಮೊದಲ ಕೆಲಸ ಮಳೆನೀರು ಕಲ್ಲಿನ ಬೆನ್ನ ಮೇಲೆ ನಿಲ್ಲದಂತೆ ನೋಡಿಕೊಳ್ಳುವುದು.

ಯಾರಾದರೂ ಹತ್ತಿರ ಬಂದರೆ ಮೇಸ್ತ್ರಿಗಳು ಕೆಲಸ ನಿಲ್ಲಿಸಿ ಗುಟ್ಟು ಕಾಯುತ್ತಿದ್ದರು ಎಂಬ ಕಥೆಯನ್ನು ಪ್ರತಿ ಊರಿನಲ್ಲೂ ಹೇಳುತ್ತಾರೆ. ಪ್ರಮಾಣ ಸಮೇತ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ವಿದ್ಯೆಯಲ್ಲಿ ಗುಟ್ಟು ಉಳಿದಿದ್ದರೆ ಅದು ಕೈಯಲ್ಲಿತ್ತು, ಮಾತಿನಲ್ಲಿ ಅಲ್ಲ. 1860ರ ಹೊತ್ತಿಗೆ ಈ ಕಸುಬು ಬಹುತೇಕ ನಿಂತಿತು: ಕೂಲಿ ಏರಿತು, ಗರಗಸದ ಮಿಲ್ಲಿನ ಮರದ ಚೌಕಟ್ಟಿನ ಮನೆ ವಾರಗಳಲ್ಲಿ ಏಳತೊಡಗಿತು, ಅಂತರ್ಯುದ್ಧ ಬಂತು. ಚೈಲ್ಡ್ಸ್‌ನಿಂದ ದಕ್ಷಿಣಕ್ಕೆ ಮೂರು ನಾಲ್ಕು ಕಿ.ಮೀ. ದೂರದ ಆಲ್ಬಿಯನ್‌ನಲ್ಲಿ ಅದೇ ಯೂನಿವರ್ಸಲಿಸ್ಟರಿಗೆ ರೈಲುಬೋಗಿಯ ಉದ್ಯಮಿ ಜಾರ್ಜ್ ಪುಲ್‌ಮನ್ 1894ರಲ್ಲಿ ಚರ್ಚು ಕಟ್ಟಿಸಿಕೊಟ್ಟಾಗ, ವಾಸ್ತುಶಿಲ್ಪಿ ಸೋಲನ್ ಬೀಮನ್ ಬಳಸಿದ್ದು ಗಣಿಯಿಂದ ತೆಗೆದು ಕೊರೆದ ಮೆಡೀನಾ ಮರಳುಗಲ್ಲು. ಅರವತ್ತು ವರ್ಷದ ಅಂತರದ ಈ ಎರಡು ಚರ್ಚುಗಳನ್ನು ಒಂದೇ ದಿನ ನೋಡುವುದು ಒಳ್ಳೆಯದು.

ಕೆನಡಾದಲ್ಲೂ ಒಂದು ಕೊಂಬೆ ಇದೆ. ನ್ಯೂಯಾರ್ಕ್ ರಾಜ್ಯದಿಂದ ಹೋದ ಲೀವೈ ಬೌಟನ್ ಎಂಬ ಮೇಸ್ತ್ರಿ 1838ರಲ್ಲಿ ಒಂಟಾರಿಯೊ ಪ್ರಾಂತ್ಯದ ಪ್ಯಾರಿಸ್ ಊರಿಗೆ ಈ ಕಸುಬನ್ನು ಒಯ್ದ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚು 1839ರದು. ಊರಾಚೆಯ ಪ್ಯಾರಿಸ್ ಪ್ಲೇನ್ಸ್ ಚರ್ಚನ್ನು 1845ರಲ್ಲಿ ಸುತ್ತಲಿನ ರೈತರು ತಮ್ಮ ಹೊಲದ ಕಲ್ಲನ್ನೇ ಆಯ್ದು ತಂದು ಕಟ್ಟಿಕೊಂಡರು.

ಇನ್ನು ಹಾಳಾಗುವ ಬಗೆ. ರಾಚೆಸ್ಟರ್ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ ಎರಡೂವರೆ ಮೀಟರ್ ಹಿಮ ಬೀಳುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಹೆಪ್ಪುಗಟ್ಟುವುದು, ಕರಗುವುದು ನಡೆದೇ ಇರುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಸುಣ್ಣದ ಗಾರೆ ತೇವ ಹೀರುತ್ತದೆ, ಹಾಗೆಯೇ ಬೇಗ ಆರುತ್ತದೆ. ಹಿಗ್ಗಿದ್ದಕ್ಕೆ ತುಸು ಜಾಗವನ್ನೂ ಕೊಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಹೊರಬರುವ ದಾರಿ ಮುಚ್ಚುತ್ತದೆ. ನೀರು ಸಿಮೆಂಟಿನ ಹಿಂದೆ, ಹಳೆಯ ಮೆತ್ತನೆ ಗಾರೆಯಲ್ಲಿ ನಿಂತು ಅಲ್ಲೇ ಹೆಪ್ಪುಗಟ್ಟುತ್ತದೆ. ನಾಲ್ಕೈದು ಚಳಿಗಾಲದಲ್ಲಿ ಒಳಗಿನ ಗಾರೆ ಪುಡಿಪುಡಿ, ಹೊರಗೆ ಸಿಮೆಂಟ್ ಮಾತ್ರ ಗಟ್ಟಿ. ಆಮೇಲೆ ಒಂದು ದಿನ ಸಿಮೆಂಟಿನ ಹೆಪ್ಪಳಿಕೆಯ ಜೊತೆಗೆ ಹತ್ತಿಪ್ಪತ್ತು ಕಲ್ಲು ಒಟ್ಟಿಗೆ ಕಳಚುತ್ತವೆ. ಗ್ರಾನೈಟ್ ಗುಂಡು ಏನೂ ಆಗದೆ ಉದುರಿದರೆ, ಮರಳುಗಲ್ಲಿನ ಗುಂಡಿನ ಮುಖವೇ ಸಿಪ್ಪೆ ಏಳುತ್ತದೆ. ನೀರು ತಡೆಯಲೆಂದು ಸಿಲಿಕೋನ್ ಬಳಿಯುವುದು, ಚೊಕ್ಕಟ ಮಾಡಲೆಂದು ಗಾಳಿಯ ರಭಸದಲ್ಲಿ ಮರಳು ಹೊಡೆಸುವುದು ಇವೂ ಇದೇ ಸಾಲಿಗೆ ಸೇರಿದ ತಪ್ಪುಗಳು.

ದುರಸ್ತಿಯನ್ನು ಗೋಡೆಯಿಂದ ಶುರು ಮಾಡಬಾರದು, ಸೂರಿನಿಂದ ಶುರು ಮಾಡಬೇಕು. ಸೂರುದೋಣಿ ಒಡೆದು ಗೋಡೆಯ ತಲೆಗೆ ನೀರು ಇಳಿಯುತ್ತಿದ್ದರೆ ಕೆಳಗೆ ಎಷ್ಟು ಸಂದು ತುಂಬಿದರೂ ವ್ಯರ್ಥ. ಬುಡದಲ್ಲಿ ಹೂವಿನ ಪಾತಿ, ಕಾಂಕ್ರೀಟು ಹಾಕಿ ನೆಲ ಏರಿಸಿದ್ದರೆ ಇಳಿಸಬೇಕು. ರಸ್ತೆಯ ಹಿಮ ಕರಗಿಸಲು ಚೆಲ್ಲುವ ಉಪ್ಪು ಬುಡಕ್ಕೆ ಸಿಡಿಯುತ್ತಿದ್ದರೆ ತಡೆಯಬೇಕು. ಆಮೇಲೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಟೊಳ್ಳು ಸದ್ದು ಬಂದಲ್ಲಿ ಮುಖ ಒಳಭಾಗದಿಂದ ಬಿಟ್ಟಿದೆ ಎಂದು ಅರ್ಥ. ಅಲ್ಲಿ ಸಂದು ತುಂಬುವುದರಿಂದ ಆಗುವುದಿಲ್ಲ, ಕಲ್ಲಿಗೆ ಅಂಕೆ ಹಾಕಿ, ಫೋಟೋ ತೆಗೆದು, ಬಿಚ್ಚಿ ಕಟ್ಟಬೇಕು.

ಹಳೆಯ ಗಾರೆಯ ತುಣುಕನ್ನು ಆಸಿಡ್‌ನಲ್ಲಿ ಹಾಕಿ ಸುಣ್ಣ ಕರಗಿಸಿ, ಉಳಿದ ಮರಳನ್ನು ಜರಡಿ ಹಿಡಿದು ನೋಡುವ ಪದ್ಧತಿಯಿದೆ. ಈ ಸೀಮೆಯ ಮರಳಿನಲ್ಲಿ ಸುಣ್ಣಕಲ್ಲಿನ ಕಾಳುಗಳೂ ಇರುತ್ತವೆ, ಆಸಿಡ್ ಅವನ್ನೂ ತಿಂದುಬಿಡುತ್ತದೆ. ಆಗ ಸುಣ್ಣ ಇದ್ದದ್ದಕ್ಕಿಂತ ಹೆಚ್ಚಿತ್ತು ಎಂಬ ತಪ್ಪು ಲೆಕ್ಕ ಬರುತ್ತದೆ. ತುಣುಕನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಮಾತ್ರ ನಿಜ ತಿಳಿಯುತ್ತದೆ.

ಕೆಟ್ಟ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೈ ಉಳಿಯಿಂದಲೇ ತೆಗೆಯಬೇಕು. ಗ್ರೈಂಡರ್ ಬೇಡ, ಉರುಟುಕಲ್ಲಿನ ಅಂಚಿಗೆ ಅದು ತಾಗದೆ ಇರುವುದಿಲ್ಲ. ಧೂಳು ತೊಳೆದು, ಸಂದು ಒದ್ದೆ ಮಾಡಿ, ನೀರು ಇಂಗಿದ ಮೇಲೆ ಒಂದಕ್ಕೆ ಎರಡೂವರೆ ಅಥವಾ ಮೂರರ ಗಾರೆಯನ್ನು ಕಾಲಂಗುಲದ ಪದರಗಳಲ್ಲಿ ಒತ್ತಿ ತುಂಬಬೇಕು. ಒಂದೇ ಸಲಕ್ಕೆ ತುಂಬಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೆರಳೊತ್ತಿದರೆ ಸಣ್ಣ ಗುರುತಷ್ಟೇ ಬೀಳುವಷ್ಟು ಬಿಗಿದ ಮೇಲೆ ಏಣು ತೀಡುವುದು. ನಂತರ ಒದ್ದೆ ಗೋಣಿತಾಟು ಇಳಿಬಿಟ್ಟು ಕನಿಷ್ಠ ಒಂದು ವಾರ ಬಿಸಿಲು ಗಾಳಿಗೆ ಬೇಗ ಒಣಗದಂತೆ ಕಾಯಬೇಕು. ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ರಾತ್ರಿಗಳಿಗೆ ಬಹಳ ಮೊದಲೇ ಕೆಲಸ ಮುಗಿದಿರಬೇಕು. ಹಾಗಾಗಿ ಅಲ್ಲಿ ಗಾರೆಯ ಹಂಗಾಮು ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ, ಅಷ್ಟೇ.

ನಯಾಗರಾಕ್ಕೆ ಹೋಗುವ ಓದುಗರಿಗೆ ಒಂದು ಸೂಚನೆ. ಜಲಪಾತದ ಊರಿನಿಂದ ಪೂರ್ವಕ್ಕೆ 104ನೇ ನಂಬರಿನ ರಸ್ತೆ ಹಿಡಿದರೆ ಅದೇ ಚೈಲ್ಡ್ಸ್ ಮೂಲಕ ರಾಚೆಸ್ಟರಿಗೆ ಹೋಗುತ್ತದೆ. 98ನೇ ರಸ್ತೆ ಅದನ್ನು ದಾಟುವ ಕೂಡುರಸ್ತೆಯ ಹತ್ತಿರವೇ ಚರ್ಚು. ಒಳಗೆ ಬಿಡುವ ದಿನ, ವೇಳೆಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಗೋಡೆಯನ್ನು ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ನೋಡಿ; ನಡುಮಧ್ಯಾಹ್ನದ ಬೆಳಕಿನಲ್ಲಿ ಏಣುಗಳೂ ಕಾಣುವುದಿಲ್ಲ, ಉಬ್ಬುಗಳೂ ಕಾಣುವುದಿಲ್ಲ. ಮೂಲೆಗೆ ಹೋಗಿ ಒಂದು ಮೂಲೆಗಲ್ಲಿನ ಎತ್ತರಕ್ಕೆ ಎಷ್ಟು ಸಾಲು ಇವೆ ಎಂದು ಎಣಿಸಿ. ಆಮೇಲೆ ಹಿಂಗೋಡೆಗೆ ಹೋಗಿ ಇನ್ನೊಮ್ಮೆ ಎಣಿಸಿ.

ಇಂತಿ,
ಹಳೆಯ ಕಲ್ಲುಕಟ್ಟಡಗಳ ದುರಸ್ತಿ ಕೆಲಸದಲ್ಲಿರುವ ಇಬ್ಬರು ಓದುಗರು